ಅರ್ಧ ಹೊಲಕ್ಕೆ ಜೀವಾಮೃತ ಕೊಟ್ಟೆ, ಎರಡೂವರೆ ಕ್ವಿಂಟಲ್ ಜಾಸ್ತಿ ಬಂತು. ನಂಬಬಹುದಾ?

ಕೆರೆಬದಿ ಹೊಲ · ಮೇ 11
ಎಲ್ಲರಿಗೂ ನಮಸ್ಕಾರ. ನಮ್ಮದು ಗುಬ್ಬಿ ತಾಲ್ಲೂಕು. ಒಂದು ಎಕರೆ ಕೆಂಪು ಮಣ್ಣಿನ ಹೊಲ, ಮಳೆ ನಂಬಿದ ರಾಗಿ. ಹೋದ ವರ್ಷ ಅರ್ಧ ಹೊಲಕ್ಕೆ, ಅಂದರೆ 20 ಗುಂಟೆಗೆ, ತಿಂಗಳಿಗೊಂದು ಸಲ ಜೀವಾಮೃತ (ಸಗಣಿ, ಗಂಜಲ, ಬೆಲ್ಲ, ಹಿಟ್ಟು ಕಲಸಿ ಕೊಳೆಸಿದ ನೀರು) ಹಾಕಿದೆ. ಇನ್ನರ್ಧಕ್ಕೆ ಏನೂ ಇಲ್ಲ. ಎರಡಕ್ಕೂ ತಳಿ ಜಿಪಿಯು-28, ಬಿತ್ತಿದ ದಿನ ಒಂದೇ, ತಿಪ್ಪೆ ಗೊಬ್ಬರವೂ ಸಮ. ಹಾಕಿದ ಕಡೆ ಐದೂವರೆ ಕ್ವಿಂಟಲ್ ಬಂತು, ಹಾಕದ ಕಡೆ ನಾಲ್ಕೂಕಾಲು. ಎಕರೆ ಲೆಕ್ಕಕ್ಕೆ ತಂದರೆ ಎರಡೂವರೆ ಕ್ವಿಂಟಲ್ ವ್ಯತ್ಯಾಸ!

ನಮ್ಮ ಮಾವ ಒಪ್ಪುವುದಿಲ್ಲ. "ಸಗಣಿ ನೀರಿಗೆ ಅಷ್ಟೆಲ್ಲಾ ಬರುತ್ತಾ" ಅನ್ನುತ್ತಾರೆ. ನಮ್ಮ ಯಜಮಾನರು ಯಾರ ಪರವೂ ಇಲ್ಲ, ಊಟ ಮುಗಿಸಿ ಎದ್ದು ಹೋಗುತ್ತಾರೆ. ಈ ಸಲ ಪೂರ್ತಿ ಎಕರೆಗೆ ಹಾಕೋಣ ಅಂತಿದ್ದೇನೆ. ನಿಮ್ಮ ಅನುಭವ ಹೇಳಿ.

ಸಹಜ ಕೃಷಿಕ · ಮೇ 11
ಇದರಲ್ಲಿ ಕೇಳುವುದೇನಿದೆ ಅಕ್ಕ? ಕಣ್ಣಿಗೆ ಕಾಣುವಷ್ಟು ಬಂದಿದೆ. ಪೂರ್ತಿ ಹಾಕಿ.

ಕೂರಿಗೆ · ಮೇ 11
ಒಂದು ಪ್ರಶ್ನೆ. ಜೀವಾಮೃತ ಹಾಕಿದ್ದು ಯಾವ ಅರ್ಧಕ್ಕೆ?

ಕೆರೆಬದಿ ಹೊಲ · ಮೇ 11
ಕೆಳಗಿನ ಅರ್ಧಕ್ಕೆ, ಕೆರೆ ಕಡೆಗೆ. ಕೊಟ್ಟಿಗೆ ಆ ಕಡೆ ಇದೆ, ಡ್ರಮ್ಮೂ ಅಲ್ಲೇ ಇಟ್ಟಿದ್ದೆ. ಬಿಂದಿಗೆ ಹೊತ್ತು ದಿಬ್ಬ ಹತ್ತುವುದಕ್ಕೆ ಸೊಂಟ ಬೇಕಲ್ಲ.

ಕೂರಿಗೆ · ಮೇ 11
ಅಲ್ಲಿಗೆ ಮಾವ ಗೆದ್ದರು 😀

ಲೆಕ್ಕದ ಮೇಷ್ಟ್ರು · ಮೇ 12
ಅವಸರ ಬೇಡ. ಮಾವ ಗೆದ್ದಿಲ್ಲ, ಸೊಸೆ ಸೋತಿಲ್ಲ. ಈ ಪ್ರಯೋಗದಿಂದ ಯಾರು ಸರಿ ಅಂತ ಹೇಳಲು ಬರುವುದಿಲ್ಲ, ಅಷ್ಟೆ.

ಇಳಿಜಾರು ಹೊಲದಲ್ಲಿ ಗೋಡು, ಅಂದರೆ ನುಣ್ಣನೆ ಮೆಕ್ಕಲು ಮಣ್ಣು, ಕೊಚ್ಚಿಕೊಂಡು ಹೋಗಿ ಕೆಳಗೆ ಕೂರುತ್ತದೆ. ಪಸಿಮೆಯೂ (ತೇವ) ಅಲ್ಲೇ ಜಾಸ್ತಿ ದಿನ ನಿಲ್ಲುತ್ತದೆ. ಮೇಲೆ ಗರುಸು ಉಳಿಯುತ್ತದೆ. ಜೀವಾಮೃತ ಹಾಕದೆಯೂ ಕೆಳಗಿನ ಅರ್ಧ ಜಾಸ್ತಿ ಕೊಡಬಹುದಿತ್ತು. ಎಷ್ಟು ಜಾಸ್ತಿ? ಅದು ನಮಗೆ ಗೊತ್ತಿಲ್ಲ. ನಿಮ್ಮ ಎರಡೂವರೆ ಕ್ವಿಂಟಲ್‌ನಲ್ಲಿ ಮಣ್ಣಿನ ಪಾಲು, ಡ್ರಮ್ಮಿನ ಪಾಲು ಎರಡೂ ಕಲಸಿಹೋಗಿವೆ. ರಾಗಿ ಮುದ್ದೆ ಆದ ಮೇಲೆ ಹಿಟ್ಟು ಬೇರೆ ನೀರು ಬೇರೆ ಮಾಡಲು ಆಗುತ್ತದೆಯೇ?

ನಾನು 31 ವರ್ಷ ಕೃಷಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಹೇಳಿದವನು. ಪ್ರಯೋಗ ಮುಗಿದ ಮೇಲೆ ನೋಟ್‌ಬುಕ್ ಹಿಡಿದು ಬರುವವರೇ ಜಾಸ್ತಿ. 1938ರಲ್ಲಿ ಕಲ್ಕತ್ತೆಗೆ ಬಂದಿದ್ದ ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಫಿಶರ್ ಇದನ್ನೇ ಹೇಳಿದ್ದರು. ಪ್ರಯೋಗ ಮುಗಿದ ಮೇಲೆ ಲೆಕ್ಕದವನನ್ನು ಕರೆದರೆ ಅವನು ಮಾಡಬಹುದಾದದ್ದು ಪೋಸ್ಟ್‌ಮಾರ್ಟಂ ಮಾತ್ರ, ಯಾವುದರಿಂದ ಸತ್ತಿತು ಅಂತ ಬೇಕಾದರೆ ಹೇಳಿಯಾನು ಅಂತ. ನೀವು ಬಿತ್ತುವ ಮೊದಲೇ ಕೇಳಿದ್ದೀರಿ. ಈ ಸಲದ್ದನ್ನು ಉಳಿಸಿಕೊಳ್ಳಬಹುದು.

ಸಹಜ ಕೃಷಿಕ · ಮೇ 12
ಮೇಷ್ಟ್ರೇ, ಫಿಶರ್ ರಾಗಿ ಬೆಳೆದಿದ್ದರಾ?

ಲೆಕ್ಕದ ಮೇಷ್ಟ್ರು · ಮೇ 12
ಇಲ್ಲ, ಗೋಧಿ ಮತ್ತು ಆಲೂಗಡ್ಡೆ ಬೆಳೆದವರ ಲೆಕ್ಕ ನೋಡಿದ್ದರು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೇಂದ್ರದಲ್ಲಿ 1843ರಿಂದ ಗೋಧಿ ತಾಕುಗಳ ಇಳುವರಿ ಬರೆದಿಟ್ಟಿದ್ದರು. 1919ರಲ್ಲಿ ಫಿಶರ್ ಅಲ್ಲಿಗೆ ಸೇರಿದರು. ರಾಶಿ ರಾಶಿ ಅಂಕಿ ಇತ್ತು. ಆದರೆ ಒಂದೊಂದು ಗೊಬ್ಬರಕ್ಕೆ ಒಂದೇ ಒಂದು ತಾಕು. ನಿಮ್ಮ ಅಕ್ಕನ ಹೊಲದ ಹಾಗೇ! ಅದನ್ನು ನೋಡಿ ನೋಡಿಯೇ ಅವರಿಗೆ ಮೂರು ಮಾತು ಹೊಳೆದದ್ದು. ಒಂದಕ್ಕಿಂತ ಜಾಸ್ತಿ ತಾಕು ಇಡು. ಯಾವುದಕ್ಕೆ ಏನು ಅಂತ ಚೀಟಿ ಎತ್ತಿ ಗೊತ್ತುಮಾಡು. ಒಂದೇ ತರದ ಮಣ್ಣಿನೊಳಗೇ ಹೋಲಿಸು.

ಕೆರೆಬದಿ ಹೊಲ · ಮೇ 12
ಸರ್, ನಾನು ಪಿಯುಸಿ ಆರ್ಟ್ಸ್. ಏನು ಮಾಡಬೇಕು ಅಂತ ಅಡಿ, ಗುಂಟೆಯಲ್ಲಿ ಹೇಳಿ. ಹೊಲ ಕೆರೆಯಿಂದ ದಿಬ್ಬಕ್ಕೆ ಸುಮಾರು 210 ಅಡಿ. ಅಡ್ಡವೂ ಹೆಚ್ಚುಕಡಿಮೆ ಅಷ್ಟೇ.

ಲೆಕ್ಕದ ಮೇಷ್ಟ್ರು · ಮೇ 13
ಸರಿ ತಾಯಿ. 33 ಅಡಿ ಉದ್ದ, 33 ಅಡಿ ಅಗಲ ಅಂದರೆ ಒಂದು ಗುಂಟೆ. ಕೆರೆ ಕಡೆಯಿಂದ ಶುರುಮಾಡಿ ಅಕ್ಕಪಕ್ಕ ಎರಡು ತಾಕು ಗೂಟ ಹೊಡೆಯಿರಿ. ಅದು ಒಂದು ಜೋಡಿ. ಎರಡೂ ಒಂದೇ ಮಟ್ಟದಲ್ಲಿ ಇರಬೇಕು, ಒಂದು ಮೇಲೆ ಒಂದು ಕೆಳಗೆ ಆಗಬಾರದು. ಎರಡು ಅಡಿ ಬದು ಬಿಟ್ಟು ಅದರ ಮೇಲೆ ಇನ್ನೊಂದು ಜೋಡಿ. ಹೀಗೆ ದಿಬ್ಬದವರೆಗೆ ಆರು ಜೋಡಿ, ಹನ್ನೆರಡು ತಾಕು. 208 ಅಡಿ ಆಗುತ್ತದೆ. ಉಳಿದ ಜಾಗದಲ್ಲಿ ಎಂದಿನ ರಾಗಿ ಇರಲಿ.

ಪ್ರತಿ ಜೋಡಿಗೂ ನಾಣ್ಯ ಚಿಮ್ಮಿ. ತಲೆ ಬಿದ್ದರೆ ಎಡಗಡೆಗೆ ಜೀವಾಮೃತ, ಇಲ್ಲದಿದ್ದರೆ ಬಲಗಡೆಗೆ. ಚಿಮ್ಮಿದ ಮೇಲೆ "ಇದು ಬೇಡ, ಇನ್ನೊಂದ್ಸಲ" ಅನ್ನಬಾರದು.

ಕೊಯ್ಲಿನಲ್ಲಿ ನಾಲ್ಕೂ ಕಡೆ ಮೂರು ಮೂರು ಅಡಿ ಬಿಟ್ಟುಬಿಡಿ. ಅಂಚಿನ ಪೈರಿಗೆ ಬಿಸಿಲು, ಜಾಗ ಜಾಸ್ತಿ ಸಿಗುತ್ತದೆ, ಪಕ್ಕದ ತಾಕಿನ ಗೊಬ್ಬರಕ್ಕೂ ಬೇರು ಚಾಚುತ್ತದೆ. ಒಳಗಿನ 27 ಅಡಿ ಚೌಕ ಮಾತ್ರ ಬೇರೆ ಕೊಯ್ದು, ಬೇರೆ ಬಡಿದು, ಬೇರೆ ತೂಗಿ. ಬಂದ ಕೆಜಿಯನ್ನು 60ರಿಂದ ಗುಣಿಸಿದರೆ ಹೆಚ್ಚುಕಡಿಮೆ ಎಕರೆ ಇಳುವರಿ.

ನಿವೃತ್ತ ಫೀಲ್ಡ್‌ಮನ್ · ಮೇ 13
ಮೇಷ್ಟ್ರು ಹೇಳದ ಒಂದು ಮಾತು. ಹನ್ನೆರಡು ತಾಕಿನ ತೆನೆಯನ್ನು ಒಟ್ಟಿಗೆ ಮೆದೆ ಹಾಕಿದಿರೋ, ಮುಗಿಯಿತು ಕಥೆ. ಹನ್ನೆರಡು ಗೋಣಿಚೀಲ, ಒಳಗೊಂದು ಹೊರಗೊಂದು ಚೀಟಿ. ಒಳಗಿನದನ್ನು ಪೆನ್ಸಿಲ್‌ನಲ್ಲಿ ಬರೆಯಿರಿ, ಪೆನ್ನಿನ ಶಾಯಿ ತೇವಕ್ಕೆ ಅಳಿಸುತ್ತದೆ. ನಮ್ಮ ಫಾರಂನಲ್ಲಿ ಒಂದು ವರ್ಷ ಚೀಟಿ ಅಳಿಸಿಹೋಗಿ 36 ಚೀಲದ ಮುಂದೆ ಕೂತು ಅತ್ತವರನ್ನು ನೋಡಿದ್ದೇನೆ.

ಇನ್ನೊಂದು. ಎಲ್ಲ ಚೀಲವೂ ಒಂದೇ ತರ ಒಣಗಿದ ಮೇಲೆ ಒಂದೇ ದಿನ, ಒಂದೇ ತಕ್ಕಡಿಯಲ್ಲಿ ತೂಗಿ.

ಧಾರವಾಡದ ಜೋಳ · ಮೇ 13
ನಾಣ್ಯ ಯಾಕ್ರೀ ಬೇಕು? ಒಂದು ಬಿಟ್ಟು ಒಂದು ಹಾಕಿದರೆ ಆಗಲ್ವಾ? ಮೊದಲ ಜೋಡಿಯಲ್ಲಿ ಎಡ, ಎರಡನೆಯದರಲ್ಲಿ ಬಲ, ಮೂರನೆಯದರಲ್ಲಿ ಮತ್ತೆ ಎಡ. ಸಮ ಆಗುತ್ತದಲ್ಲ. ನಾಣ್ಯ ಚಿಮ್ಮಿ ಆರಕ್ಕೆ ಆರೂ ಎಡಕ್ಕೇ ಬಿದ್ದರೆ ಏನು ಮಾಡುತ್ತೀರಿ?

ಲೆಕ್ಕದ ಮೇಷ್ಟ್ರು · ಮೇ 13
ಒಳ್ಳೆ ಕಡೆ ಹಿಡಿದಿರಿ. ಇದೇ ಜಗಳ 1930ರ ದಶಕದಲ್ಲಿ ದೊಡ್ಡವರ ನಡುವೆಯೇ ನಡೆದಿತ್ತು. 'ಸ್ಟೂಡೆಂಟ್' ಅನ್ನುವ ಹೆಸರಲ್ಲಿ ಬರೆಯುತ್ತಿದ್ದ ಗಾಸೆಟ್, ಎರಡು ಸರಾಸರಿ ಹೋಲಿಸುವ ಟಿ ಪರೀಕ್ಷೆಯವರು, ಗಿನ್ನೆಸ್ ಬಿಯರ್ ಕಂಪನಿಯ ನೌಕರ. ಬಾರ್ಲಿ ತಳಿಗಳ ಪ್ರಯೋಗ ಅವರಿಗೆ ಹೊಟ್ಟೆಪಾಡಿನ ಕೆಲಸ. ಅವರೂ ನಿಮ್ಮ ಹಾಗೆಯೇ, ಸಮತೂಕವಾಗಿ ಜೋಡಿಸಿದರೆ ಸಾಕು, ಚೀಟಿ ಎತ್ತುವುದು ಬೇಡ ಅಂದರು. ಫಿಶರ್ ಒಪ್ಪಲಿಲ್ಲ. ಗಾಸೆಟ್ 1937ರಲ್ಲಿ ತೀರಿಕೊಂಡರು, ಅಲ್ಲಿಯವರೆಗೂ ಇಬ್ಬರೂ ಬಗ್ಗಲಿಲ್ಲ. ಸ್ನೇಹ ಮಾತ್ರ ಹಾಗೇ ಇತ್ತು.

ಫಿಶರ್ ವಾದ ಇಷ್ಟು. ಹೊಲದಲ್ಲಿ ನಿಮಗೆ ಗೊತ್ತಿಲ್ಲದ ಪಟ್ಟೆಗಳಿರುತ್ತವೆ. ಹಳೇ ಬದು, ಹಳೇ ತಿಪ್ಪೆ, ನೇಗಿಲು ತಿರುಗಿಸಿದ ಜಾಗ. ನೀವು ಒಂದು ಬಿಟ್ಟು ಒಂದು ಇಟ್ಟ ಸಾಲು ಆ ಪಟ್ಟೆಯ ಲಯಕ್ಕೇ ಕೂತುಬಿಟ್ಟರೆ ಗೊತ್ತೇ ಆಗುವುದಿಲ್ಲ. ನಾಣ್ಯಕ್ಕೆ ಹೊಲದ ಪರಿಚಯ ಇಲ್ಲ. ಅದೇ ಅದರ ಗುಣ. ಇನ್ನೂ ಒಂದು ಲಾಭ ಇದೆ, ಕೊನೆಗೆ ಲೆಕ್ಕ ಹಾಕುವಾಗ ತೋರಿಸುತ್ತೇನೆ.

ಆರೂ ಎಡಕ್ಕೇ ಬಿದ್ದರೆ? 64ರಲ್ಲಿ ಒಂದು ಸಲ ಹಾಗಾಗುತ್ತದೆ. ಆಗ ನಾನಾದರೆ ಮತ್ತೆ ಚಿಮ್ಮುತ್ತೇನೆ. ಆದರೆ ಆ ನಿಯಮವನ್ನು ಚಿಮ್ಮುವ ಮೊದಲೇ ಬರೆದಿಟ್ಟಿರುತ್ತೇನೆ.

ಧಾರವಾಡದ ಜೋಳ · ಮೇ 13
ಅಂದರೆ ಮತ್ತೆ ಚಿಮ್ಮುತ್ತೀರಿ! ಹಾಗಾದರೆ ಗಾಸೆಟ್ ಅರ್ಧ ಗೆದ್ದಂಗೆ ಆತು.

ಲೆಕ್ಕದ ಮೇಷ್ಟ್ರು · ಮೇ 13
ಕಾಲು ಭಾಗ.

ಎಂಎಸ್ಸಿ ಅಗ್ರಿ · ಮೇ 14
ಸರ್, ನಮಗೆ ಎರರ್ ಡಿಎಫ್ (ಆಕಸ್ಮಿಕ ಏರುಪೇರು ಅಳೆಯಲು ಉಳಿಯುವ ಸ್ವತಂತ್ರ ಅಂಕಿಗಳ ಎಣಿಕೆ) 12ಕ್ಕಿಂತ ಕಡಿಮೆ ಇರಬಾರದು ಅಂತ ಹೇಳಿಕೊಟ್ಟಿದ್ದಾರೆ. ಆರು ಜೋಡಿ ಅಂದರೆ ಒಂದು ಕಳೆದು ಬರೀ 5 ಅಲ್ವಾ?

ಲೆಕ್ಕದ ಮೇಷ್ಟ್ರು · ಮೇ 14
ಹೌದಪ್ಪ. 12 ಅನ್ನುವುದು ಕೈಯಳತೆಯ ನಿಯಮ, ಶಾಸನ ಅಲ್ಲ. ವ್ಯತ್ಯಾಸವನ್ನು ಅದರ ಆಕಸ್ಮಿಕ ಏರುಪೇರಿನ ಅಳತೆಯಿಂದ ಭಾಗಿಸಿದರೆ ಬರುವುದೇ ಟಿ. ಡಿಎಫ್ 12 ಇದ್ದರೆ ಟಿ 2.179 ದಾಟಿದರೆ ಸಾಕು, 5 ಇದ್ದರೆ 2.571 ದಾಟಬೇಕು. ತಾಕು ಕಡಿಮೆ ಇಟ್ಟಿದ್ದಕ್ಕೆ ಕೊಡುವ ದಂಡ ಅದು. 12 ಬೇಕೇ ಬೇಕು ಅಂದರೆ 13 ಜೋಡಿ ಆಗುತ್ತದೆ, ಆಯಮ್ಮ ಬಿಂದಿಗೆ ಹೊತ್ತು ಸಾಯಬೇಕು.

ಎಂಎಸ್ಸಿ ಅಗ್ರಿ · ಮೇ 14
ಇಲ್ಲೇ ನನ್ನದೊಂದು ಗೋಳು ಹೇಳಿಕೊಳ್ಳುತ್ತೇನೆ. ಕಾಲೇಜಿನ ಹೆಸರು ಕೇಳಬೇಡಿ. 8 ಟ್ರೀಟ್‌ಮೆಂಟ್ (ಹೋಲಿಸುವ ಉಪಚಾರ), 3 ರೆಪ್ಲಿಕೇಶನ್ (ಎಂಟೂ ಒಂದೊಂದು ಸಲ ಇರುವ ಬ್ಲಾಕ್), ಮುಸುಕಿನ ಜೋಳ. ಒಂದು ರಾತ್ರಿ ಕಾಡುಹಂದಿ ಬಂದು ಎರಡನೇ ರೆಪ್ಲಿಕೇಶನ್‌ನ ಒಂದು ತಾಕನ್ನು ಪೂರ್ತಿ ಮುಗಿಸಿತು. ಗೈಡ್ ಹತ್ತಿರ ಹೋದರೆ "ಉಳಿದ ಎರಡರ ಸರಾಸರಿ ಹಾಕು" ಅಂದರು. ಹಾಕಿದೆ. ಕೊನೆಗೆ ಎನ್.ಎಸ್. ಬಂತು, ಅಂದರೆ ನಾನ್-ಸಿಗ್ನಿಫಿಕೆಂಟ್, ವ್ಯತ್ಯಾಸ ಬರೀ ಆಕಸ್ಮಿಕವೂ ಇರಬಹುದು ಅಂತ. ಆಗ ಸೀನಿಯರ್ ಒಬ್ಬರು, "ಅದೊಂದು ತಾಕು ಹೇಗೂ ನಿನ್ನ ಕೈಯಲ್ಲೇ ಇದೆಯಲ್ಲ, ಸ್ವಲ್ಪ ಮೇಲೆತ್ತು, ಸಿಗ್ನಿಫಿಕೆಂಟ್ ಆಗುತ್ತೆ" ಅಂದರು. ಎರಡು ದಿನ ನಿದ್ದೆ ಬರಲಿಲ್ಲ.

ಕೂರಿಗೆ · ಮೇ 14
ಹಂದಿಗೆ ಕೋ-ಗೈಡ್ ಅಂತ ಹೆಸರು ಹಾಕಿಬಿಡು.

ಲೆಕ್ಕದ ಮೇಷ್ಟ್ರು · ಮೇ 14
ಮೇಲೆತ್ತಬೇಡ. ಅದು ಲೆಕ್ಕವಲ್ಲ, ಕಳ್ಳತನ.

ಉಳಿದ ಎರಡರ ಸರಾಸರಿಯೂ ಸರಿ ಅಲ್ಲ. ಹಂದಿ ತಿಂದ ಬ್ಲಾಕಿನ ಮಣ್ಣು ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಅದರಲ್ಲಿ ಬರುವುದಿಲ್ಲ. ರಾಥಮ್‌ಸ್ಟೆಡ್‌ನಲ್ಲೇ ಇದ್ದ ಯೇಟ್ಸ್ 1933ರಲ್ಲಿ ಇದಕ್ಕೊಂದು ಸೂತ್ರ ಕೊಟ್ಟರು. ಆ ಟ್ರೀಟ್‌ಮೆಂಟಿನ ಉಳಿದ ತಾಕುಗಳ ಮೊತ್ತವನ್ನು 8ರಿಂದ ಗುಣಿಸು. ಆ ಬ್ಲಾಕಿನಲ್ಲಿ ಉಳಿದ ತಾಕುಗಳ ಮೊತ್ತವನ್ನು 3ರಿಂದ ಗುಣಿಸು. ಎರಡನ್ನೂ ಕೂಡಿ, ಅದರಿಂದ ಉಳಿದ 23 ತಾಕುಗಳ ಒಟ್ಟು ಮೊತ್ತ ಕಳೆ. ಬಂದದ್ದನ್ನು 14ರಿಂದ ಭಾಗಿಸು. ಎರರ್ ಡಿಎಫ್ 14 ಇದ್ದದ್ದನ್ನು 13 ಮಾಡಿಕೋ, ಯಾಕೆಂದರೆ ಈ ಸಂಖ್ಯೆಯನ್ನು ನೀನು ಅಳೆದಿಲ್ಲ. ಈಗಿನ ಸಾಫ್ಟ್‌ವೇರ್‌ಗಳಲ್ಲಿ ಆ ಜಾಗ ಖಾಲಿ ಬಿಟ್ಟರೂ ನಡೆಯುತ್ತದೆ. ಹಂದಿ ತಿಂದದ್ದನ್ನು ಥೀಸಿಸ್‌ನಲ್ಲಿ ಬರೆ. ನಾಚಿಕೆ ಯಾಕೆ?

ಇನ್ನು ಎನ್.ಎಸ್. ಬಂದರೆ ಥೀಸಿಸ್ ಹೋಯಿತು ಅಂತ ಯಾರು ಹೇಳಿದರೋ ಅವರಿಗೆ ನನ್ನ ನಮಸ್ಕಾರ. ದೂರದಿಂದ.

ಮಲೆನಾಡ ಕಾಫಿ · ಮೇ 15
ವಿಷಯ ಬಿಟ್ಟು ಒಂದು ಮಾತು. ಫಿಶರ್ ಅಂದಾಗ ನೆನಪಾಯಿತು, ಆ ಟೀ ಹೆಂಗಸಿನ ಕಥೆ ಅವರದ್ದೇ ಅಲ್ವಾ?

ಲೆಕ್ಕದ ಮೇಷ್ಟ್ರು · ಮೇ 15
ಅವರದ್ದೇ. ರಾಥಮ್‌ಸ್ಟೆಡ್‌ನಲ್ಲಿ ಮ್ಯೂರಿಯಲ್ ಬ್ರಿಸ್ಟಲ್ ಅನ್ನುವ ವಿಜ್ಞಾನಿ, ಕಪ್ಪಿಗೆ ಹಾಲು ಮೊದಲು ಹಾಕಿದ್ದೋ ಟೀ ಮೊದಲೋ ಕುಡಿದೇ ಹೇಳುತ್ತೇನೆ ಅಂದರು. ಪುಸ್ತಕದಲ್ಲಿ ಫಿಶರ್ ಇಟ್ಟ ಪ್ರಯೋಗ: 8 ಕಪ್ಪು, 4 ಹಾಗೆ, 4 ಹೀಗೆ, ಕೊಡುವ ಸರದಿ ಚೀಟಿ ಎತ್ತಿದ ಪ್ರಕಾರ. 8ರಲ್ಲಿ 4 ಆರಿಸಲು 70 ದಾರಿ. ಸುಮ್ನೆ ಊಹಿಸಿ ಎಲ್ಲ ಸರಿ ಹೇಳಲು 70ಕ್ಕೆ ಒಂದೇ ಅವಕಾಶ.

ಮಲೆನಾಡ ಕಾಫಿ · ಮೇ 15
ನಮ್ಮ ದೊಡ್ಡಪ್ಪ ಚಿಕೋರಿ ಬೆರೆಸಿದ್ದು ಮೂಗಲ್ಲೇ ಹೇಳುತ್ತೇನೆ ಅನ್ನುತ್ತಾರೆ. ಭಾನುವಾರ 8 ಲೋಟ ಇಡುತ್ತೇನೆ.

ರಾಯಚೂರು ಭತ್ತ · ಮೇ 15
ಇಷ್ಟೆಲ್ಲಾ ಶಿಸ್ತು ಬೆಳೆ ವಿಮೆಯವರಿಗೂ ಹೇಳಿ. ಗ್ರಾಮ ಪಂಚಾಯಿತಿಗೆ ನಾಲ್ಕು ಕಡೆ ಬೆಳೆ ಕಟಾವು ಪ್ರಯೋಗ (ಒಂದು ಚೌಕ ಅಳೆದು ಕೊಯ್ದು ತೂಗುವುದು) ಮಾಡಿ ಇಡೀ ಪಂಚಾಯಿತಿಯ ಇಳುವರಿ ಹೇಳುತ್ತಾರೆ. ನಮ್ಮಲ್ಲಿ ಒಂದು ವರ್ಷ ನಾಲ್ಕರಲ್ಲಿ ಎರಡು ಕಾಲುವೆ ಪಕ್ಕದ ಗದ್ದೆಗೇ ಬಂದವು. ಕೊನೆ ಭಾಗದವರಿಗೆ ಒಂದು ರೂಪಾಯಿ ಬರಲಿಲ್ಲ.

ಲೆಕ್ಕದ ಮೇಷ್ಟ್ರು · ಮೇ 15
ಅದು ಪ್ರಯೋಗ ಅಂತ ಕರೆದರೂ ನಿಜದಲ್ಲಿ ಸಮೀಕ್ಷೆ. ಇಲ್ಲಿ ಯಾರೂ ಏನನ್ನೂ ಹೋಲಿಸುತ್ತಿಲ್ಲ, ಅಂದಾಜು ಮಾಡುತ್ತಿದ್ದಾರೆ. ಸರ್ವೆ ನಂಬರನ್ನು ಚೀಟಿ ಎತ್ತಿದ ಹಾಗೇ ಆರಿಸುತ್ತಾರೆ, ಆದರೆ ನಾಲ್ಕೇ ಚೀಟಿ ಎತ್ತಿದರೆ ಎರಡು ಕಾಲುವೆ ಪಕ್ಕ ಬೀಳುವುದು ಆಶ್ಚರ್ಯವಲ್ಲ. ನಿಮ್ಮ ಸಿಟ್ಟು ಚೀಟಿಯ ಮೇಲೆ ಬೇಡ, ಸಂಖ್ಯೆಯ ಮೇಲೆ ಇರಲಿ.

ಕಟಾವಿನ ಚೌಕ ಎಷ್ಟು ದೊಡ್ಡದಿರಬೇಕು ಅನ್ನುವುದಕ್ಕೂ ನಮ್ಮ ದೇಶದಲ್ಲೇ ದೊಡ್ಡ ವಾದ ನಡೆದಿತ್ತು. ಕಲ್ಕತ್ತೆಯ ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಚಿಕ್ಕ ಚಿಕ್ಕ ಕಟಾವಿನ ಪರ. ಕೃಷಿ ಸಂಖ್ಯಾಶಾಸ್ತ್ರಜ್ಞ ಸುಖಾತ್ಮೆ ದೊಡ್ಡದೇ ಬೇಕು ಅಂದರು. ಚಿಕ್ಕ ಚೌಕದಲ್ಲಿ ಗೆರೆಯ ಮೇಲಿರುವ ಪೈರನ್ನು ಕೊಯ್ಯುವವರು ಒಳಗೇ ಸೇರಿಸಿಕೊಳ್ಳುತ್ತಾರೆ, ಇಳುವರಿ ಇದ್ದದ್ದಕ್ಕಿಂತ ಜಾಸ್ತಿ ಕಾಣುತ್ತದೆ ಅಂತ ಸುಖಾತ್ಮೆ ತೋರಿಸಿದರು. ಈಗ ಅನೇಕ ಬೆಳೆಗೆ 5 ಮೀಟರ್ ಚೌಕ ಇದೆಯಲ್ಲ, ಅದರ ಹಿಂದೆ ಈ ಜಗಳ ಇದೆ.

ಹಡಗಲಿ ಮಲ್ಲಿಗೆ · ಮೇ 16
ಇಷ್ಟು ಹೆಸರು ಬಂತು, ನಮ್ಮ ಹಡಗಲಿಯ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಹೆಸರು ಬರಲಿಲ್ಲ. 1920ರಲ್ಲಿ ಹೂವಿನಹಡಗಲಿಯಲ್ಲಿ ಹುಟ್ಟಿದವರು. ನಮ್ಮ ಕನ್ನಡಿಗರು!

ಕೂರಿಗೆ · ಮೇ 16
ಹುಟ್ಟಿದ್ದು ಮಾತ್ರ ಅಲ್ಲಿ. ಮನೆಮಾತು ತೆಲುಗು, ಓದಿದ್ದು ಆಂಧ್ರದ ಕಡೆ, ಆಮೇಲೆ ಕಲ್ಕತ್ತೆ.

ಹಡಗಲಿ ಮಲ್ಲಿಗೆ · ಮೇ 16
ಹುಟ್ಟಿದ ಮಣ್ಣು ಲೆಕ್ಕಕ್ಕಿಲ್ವಾ? ಈ ಚರ್ಚೆಯಲ್ಲಿ ಎಲ್ಲರೂ ಮಣ್ಣೇ ಮುಖ್ಯ ಅಂತಿದ್ದೀರಿ!

ಲೆಕ್ಕದ ಮೇಷ್ಟ್ರು · ಮೇ 16
ಇದಕ್ಕೆ ನನ್ನಲ್ಲಿ ಉತ್ತರ ಇಲ್ಲ 😀 ಆದರೆ ಅವರು 1947ರಲ್ಲಿ ಕೊಟ್ಟ ಆರ್ಥೊಗೊನಲ್ ಅರೇ ಪ್ರಯೋಗ ವಿನ್ಯಾಸದ್ದೇ ವಿಷಯ. ಹತ್ತಾರು ಅಂಶಗಳನ್ನು ಕೆಲವೇ ತಾಕುಗಳಲ್ಲಿ ಪರೀಕ್ಷಿಸುವ ದಾರಿ. ಹೊಲಕ್ಕಿಂತ ಜಾಸ್ತಿ ಕಾರ್ಖಾನೆಗಳು ಬಳಸಿಕೊಂಡವು.

ಸಹಜ ಕೃಷಿಕ · ಮೇ 17
ಎಲ್ಲ ಓದಿದೆ. ನನ್ನ ಆಕ್ಷೇಪ ಬೇರೆ. ಮಣ್ಣು ಬದಲಾಗಲು ಮೂರು ವರ್ಷ ಬೇಕು. ಒಂದು ಹಂಗಾಮಿನಲ್ಲಿ ತಕ್ಕಡಿ ಹಿಡಿದು ಜೀವಾಮೃತ ಫೇಲ್ ಅಂತ ಬರೆಯುವುದು ಅನ್ಯಾಯ. ಮತ್ತೆ ಮೇಲಿನ ತಾಕಿಗೆ ಹಾಕಿದ್ದು ಮಳೆಗೆ ಕೆಳಗಿನ ಸಾದಾ ತಾಕಿಗೆ ಹರಿದರೆ?

ಲೆಕ್ಕದ ಮೇಷ್ಟ್ರು · ಮೇ 17
ಎರಡೂ ನ್ಯಾಯವಾದ ಆಕ್ಷೇಪ. ಹರಿಯದಂತೆ ಎರಡಡಿ ಬದುವನ್ನು ಗಟ್ಟಿಯಾಗಿ ಎತ್ತಬೇಕು. ಮೂರು ವರ್ಷ ಬೇಕಾದರೆ ಅವೇ ತಾಕು, ಅವೇ ಗೂಟ, ಮೂರು ವರ್ಷ ನಡೆಸಿ. ವರ್ಷ ವರ್ಷ ಮತ್ತೆ ನಾಣ್ಯ ಚಿಮ್ಮಬಾರದು, ಮಣ್ಣಿನಲ್ಲಿ ಉಳಿದದ್ದು ಅದಲುಬದಲಾಗುತ್ತದೆ. ರಾಥಮ್‌ಸ್ಟೆಡ್‌ನ ಆ ಗೋಧಿ ಹೊಲ 1843ರಿಂದ ಇನ್ನೂ ನಡೆಯುತ್ತಿದೆ, ನಿಮ್ಮ ಮೂರು ವರ್ಷ ಯಾವ ಲೆಕ್ಕ?

ಇನ್ನೊಂದು ನನಗೆ ಈಗ ಹೊಳೆಯಿತು. ಎಕರೆಗೆ 200 ಲೀಟರ್ ಅಂದರೆ ಗುಂಟೆಗೆ 5 ಲೀಟರ್. ಸಾದಾ ತಾಕಿಗೂ ಅದೇ ದಿನ 5 ಲೀಟರ್ ಬರೀ ನೀರು ಚೆಲ್ಲಿ. ಆಗ ನೀರಿನ ನೆಪ ಯಾರಿಗೂ ಸಿಗುವುದಿಲ್ಲ.

ಕೆರೆಬದಿ ಹೊಲ · ಮೇ 17
ಇನ್ನೊಂದು ಬಿಂದಿಗೆ ದಿಬ್ಬಕ್ಕೆ! ಸರಿ ಸರ್. ನಾಣ್ಯವನ್ನು ಮಾವನ ಕೈಯಲ್ಲೇ ಚಿಮ್ಮಿಸುತ್ತೇನೆ, ಆಮೇಲೆ ತಕರಾರು ತೆಗೆಯಬಾರದಲ್ಲ.

ಕೆರೆಬದಿ ಹೊಲ · ಸೆಪ್ಟೆಂಬರ್ 9
ಯಾರಾದರೂ ಇದ್ದೀರಾ? ಸಣ್ಣ ಅವಾಂತರ. ನಿನ್ನೆ ಬೆಳಿಗ್ಗೆ ಹೊಲಕ್ಕೆ ಹೋದರೆ ಮಾವ ಟವೆಲ್‌ನಲ್ಲಿ ಯೂರಿಯಾ ಕಟ್ಟಿಕೊಂಡು ದಿಬ್ಬದ ಸಾದಾ ತಾಕಿನ ಹತ್ತಿರ ನಿಂತಿದ್ದಾರೆ. "ಪಾಪ, ಬಡಕಲಾಗಿದೆ, ಒಂದು ಹಿಡಿ ಹಾಕೋಣ ಅಂತ" ಅಂದರು. ಇನ್ನೂ ಹಾಕಿರಲಿಲ್ಲ, ಪುಣ್ಯ.

ನಿವೃತ್ತ ಫೀಲ್ಡ್‌ಮನ್ · ಸೆಪ್ಟೆಂಬರ್ 9
ಇದು ಎಲ್ಲ ಕಡೆ ಆಗುವುದೇ. ರೈತನಿಗೆ ಸೊರಗಿದ ಪೈರು ನೋಡಿ ಸುಮ್ಮನಿರಲು ಆಗುವುದಿಲ್ಲ. ರೈತರ ಹೊಲದಲ್ಲಿ ಪ್ರಯೋಗ ಇಟ್ಟಾಗ ನಾನು ಮೊದಲು ಹೇಳುತ್ತಿದ್ದದ್ದೇ "ಕನಿಕರ ಬೇಡ".

ಕೂರಿಗೆ · ಸೆಪ್ಟೆಂಬರ್ 9
ಮಾವನಿಗೆ ಉಳಿದ ಹೊಲ ಬಿಟ್ಟುಕೊಡಿ, ಅಲ್ಲಿ ಎಷ್ಟು ಬೇಕಾದರೂ ಕನಿಕರ ತೋರಿಸಲಿ.

ಕೆರೆಬದಿ ಹೊಲ · ಡಿಸೆಂಬರ್ 21
ಮುಗಿಯಿತು! ಹನ್ನೆರಡು ಚೀಲ, ಪೆನ್ಸಿಲ್ ಚೀಟಿ. ಬಡಿದು ತೂರಿ ಆರು ದಿನ ಒಣಗಿಸಿ ನಿನ್ನೆ ತೂಗಿದೆವು. ಚೀಲದ ಮೇಲೆ ನಂಬರ್ ಮಾತ್ರ ಇತ್ತು, ತಕ್ಕಡಿ ಹಿಡಿದ ಯಜಮಾನರಿಗೆ ಯಾವುದು ಏನು ಅಂತ ಗೊತ್ತಿರಲಿಲ್ಲ. ಕೆರೆ ಕಡೆಯಿಂದ ದಿಬ್ಬದ ಕಡೆಗೆ, ಕೆಜಿಯಲ್ಲಿ. ಮೊದಲು ಜೀವಾಮೃತ, ಆಮೇಲೆ ಸಾದಾ:

ಜೋಡಿ 1: 20.5, 19.0
ಜೋಡಿ 2: 18.0, 18.5
ಜೋಡಿ 3: 18.5, 16.5
ಜೋಡಿ 4: 15.5, 16.0
ಜೋಡಿ 5: 15.0, 13.0
ಜೋಡಿ 6: 12.5, 12.5

ಮೂರರಲ್ಲಿ ನಾನು ಗೆದ್ದೆ, ಎರಡರಲ್ಲಿ ಮಾವ, ಒಂದು ಸಮ. ನಾನೇ ಗೆದ್ದಂತಲ್ವಾ?

ಸಹಜ ಕೃಷಿಕ · ಡಿಸೆಂಬರ್ 21
ಗೆದ್ದಿರಿ! ಜೀವಾಮೃತದ ಒಟ್ಟು 100 ಕೆಜಿ, ಸಾದಾ 95.5.

ಎಂಎಸ್ಸಿ ಅಗ್ರಿ · ಡಿಸೆಂಬರ್ 21
ನಾನು ಎರಡು ಗುಂಪು ಮಾಡಿ ಮಾಮೂಲಿ ಟಿ ಟೆಸ್ಟ್ ಹಾಕಿದೆ. ಟಿ ಬರೀ 0.47. ಹತ್ತಿರವೂ ಇಲ್ಲ.

ಲೆಕ್ಕದ ಮೇಷ್ಟ್ರು · ಡಿಸೆಂಬರ್ 22
ಎಂಎಸ್ಸಿ, ಜೋಡಿ ಮಾಡಿಸಿದ್ದು ಯಾಕೆ? ಜೋಡಿ ಬಿಚ್ಚಿ ಲೆಕ್ಕ ಹಾಕಿದರೆ ದಿಬ್ಬಕ್ಕೂ ಕೆರೆಗೂ ಇರುವ ವ್ಯತ್ಯಾಸವೆಲ್ಲ ನಿನ್ನ ಎರರ್‌ನಲ್ಲಿ ಬಂದು ಕೂರುತ್ತದೆ. ಜೋಡಿಯೊಳಗಿನ ವ್ಯತ್ಯಾಸ ಮಾತ್ರ ತೆಗೆದುಕೋ: 1.5, −0.5, 2, −0.5, 2, 0. ಸರಾಸರಿ 0.75 ಕೆಜಿ. ಅದರ ಸ್ಟ್ಯಾಂಡರ್ಡ್ ಎರರ್ (ಆಕಸ್ಮಿಕವಾಗಿ ಆ ಸರಾಸರಿ ಎಷ್ಟು ಅಲುಗಾಡಬಹುದು ಅನ್ನುವ ಅಳತೆ) 0.50. ನಿನ್ನ ಲೆಕ್ಕದಲ್ಲಿ ಅದು 1.61 ಇತ್ತು. ಮೂರು ಪಟ್ಟಿಗಿಂತ ಜಾಸ್ತಿ! ಅದೇ ಹೊಲ, ಅದೇ ರಾಗಿ. ಗೂಟ ಹೊಡೆದ ರೀತಿಯಿಂದ ಸಿಕ್ಕ ಲಾಭ ಇದು.

ಈಗ ಟಿ 1.51. ಬೇಕಾದದ್ದು 2.571. ದಾಟಲಿಲ್ಲ.

ಟಿ ಪಟ್ಟಿ ನಂಬದವರಿಗೆ ನಾಣ್ಯದ ಲೆಕ್ಕ. ಮೇ ತಿಂಗಳಲ್ಲಿ ತೋರಿಸುತ್ತೇನೆ ಅಂದದ್ದು ಇದನ್ನೇ. ಜೀವಾಮೃತ ಏನೂ ಮಾಡುವುದಿಲ್ಲ ಅಂತ ಇಟ್ಟುಕೊಳ್ಳಿ. ಆಗ ಈ ಹನ್ನೆರಡು ತೂಕ ಹೇಗಿದ್ದರೂ ಹೀಗೇ ಬರುತ್ತಿದ್ದವು. ನಾಣ್ಯ ಯಾವುದಕ್ಕೆ ಜೀವಾಮೃತದ ಚೀಟಿ ಅಂಟಿಸಿತು ಅನ್ನುವುದಷ್ಟೇ ಬೇರೆ. ಆರು ನಾಣ್ಯ, 64 ಬಗೆ. ಅದರಲ್ಲಿ ಎಷ್ಟು ಬಗೆಯಲ್ಲಿ ಜೀವಾಮೃತದ ಕಡೆ 4.5 ಕೆಜಿ ಅಥವಾ ಅದಕ್ಕಿಂತ ಜಾಸ್ತಿ ಮುಂದಿರುತ್ತಿತ್ತು? ಎಣಿಸಿದೆ, 8. ಸಾದಾ ಕಡೆ ಅಷ್ಟೇ ಮುಂದಿರುವುದೂ 8. ಒಟ್ಟು 64ಕ್ಕೆ 16. ಅಂದರೆ ಬರೀ ನಾಣ್ಯದಿಂದಲೇ ನಾಲ್ಕಕ್ಕೊಂದು ಸಲ ಇಷ್ಟು ವ್ಯತ್ಯಾಸ ಬರುತ್ತದೆ. ಒಂದು ಬಿಟ್ಟು ಒಂದು ಹಾಕಿದ್ದರೆ ಈ ಎಣಿಕೆ ಮಾಡಲು ನನಗೆ ಆಧಾರವೇ ಇರುತ್ತಿರಲಿಲ್ಲ, ಧಾರವಾಡದವರೇ.

ಧಾರವಾಡದ ಜೋಳ · ಡಿಸೆಂಬರ್ 22
ಓಹೋ. ಇದು ತಲೆಗೆ ಹೊಕ್ಕಿತು. ಗಾಸೆಟ್ ಕಾಲು ಭಾಗವನ್ನೂ ವಾಪಸ್ ಕೊಟ್ಟೆ.

ಸಹಜ ಕೃಷಿಕ · ಡಿಸೆಂಬರ್ 22
ಅಂದರೆ ಜೀವಾಮೃತ ದಂಡ ಅಂತ ಬರೆದುಬಿಡುತ್ತೀರಿ.

ಲೆಕ್ಕದ ಮೇಷ್ಟ್ರು · ಡಿಸೆಂಬರ್ 22
ಖಂಡಿತ ಇಲ್ಲ. ಎಕರೆ ಲೆಕ್ಕಕ್ಕೆ ತಂದರೆ ಅಂದಾಜು 45 ಕೆಜಿ ಲಾಭ. ಆದರೆ 31 ಕೆಜಿ ನಷ್ಟದಿಂದ ಹಿಡಿದು 121 ಕೆಜಿ ಲಾಭದವರೆಗೆ ಯಾವುದನ್ನೂ ಈ ಪ್ರಯೋಗ ತಳ್ಳಿಹಾಕುವುದಿಲ್ಲ. ಒಂದು ಕ್ವಿಂಟಲ್ ಲಾಭ ಇದ್ದರೂ ಇರಬಹುದು. ಎರಡೂವರೆ ಕ್ವಿಂಟಲ್ ಅನ್ನುವುದು ಮಾತ್ರ ಈ ಅಂಕಿಗಳ ಜೊತೆ ಕೂರುವುದಿಲ್ಲ.

ಕೂರಿಗೆ · ಡಿಸೆಂಬರ್ 22
ಯಾರೂ ಇದನ್ನು ನೋಡಲಿಲ್ಲವಾ? ಜೀವಾಮೃತ ಮರೆತುಬಿಡಿ. ಕೆಳಗಿನ ಮೂರು ಜೋಡಿಯ ಆರೂ ತಾಕು ಕೂಡಿ: ಸರಾಸರಿ 18.5 ಕೆಜಿ. ಮೇಲಿನ ಮೂರು ಜೋಡಿಯದ್ದು 14.1. ಎರಡೂ ಕಡೆ ಅರ್ಧಕ್ಕೆ ಜೀವಾಮೃತ, ಅರ್ಧ ಸಾದಾ. 60ರಿಂದ ಗುಣಿಸಿ ನೋಡಿ. ಕೆಳಗೆ ಎಕರೆಗೆ 1,110 ಕೆಜಿ, ಮೇಲೆ 845. ವ್ಯತ್ಯಾಸ 265 ಕೆಜಿ.

ಅಕ್ಕ, ಹೋದ ವರ್ಷ ನಿಮಗೆ ಎಷ್ಟು ಜಾಸ್ತಿ ಬಂದಿತ್ತು ಅಂದಿರಿ?

ಕೆರೆಬದಿ ಹೊಲ · ಡಿಸೆಂಬರ್ 22
ಎರಡೂವರೆ ಕ್ವಿಂಟಲ್.

ಕೆರೆಬದಿ ಹೊಲ · ಡಿಸೆಂಬರ್ 22
ಮಾವನಿಗೆ ಇನ್ನೂ ಹೇಳಿಲ್ಲ.

ಮಲೆನಾಡ ಕಾಫಿ · ಡಿಸೆಂಬರ್ 23
ಈ ನಡುವೆ ಹೇಳಲು ಮರೆತೆ, ದೊಡ್ಡಪ್ಪ 8ರಲ್ಲಿ 6 ಲೋಟ ಸರಿ ಹೇಳಿದರು. ಮನೆಯಲ್ಲಿ ಮೆರವಣಿಗೆ.

ಲೆಕ್ಕದ ಮೇಷ್ಟ್ರು · ಡಿಸೆಂಬರ್ 23
ಊಹೆಯಲ್ಲೇ 6 ಅಥವಾ ಜಾಸ್ತಿ ಸರಿ ಬರುವುದು 70ಕ್ಕೆ 17 ಸಲ. ಮೆರವಣಿಗೆ ನಿಲ್ಲಿಸಿ.

ಕೆರೆಬದಿ ಹೊಲ · ಡಿಸೆಂಬರ್ 24
ಹೇಳಿದೆ. ಮಾವ ನಗಲಿಲ್ಲ, ನಾನು ಹೆದರಿದ್ದೆ. ಸುಮಾರು ಹೊತ್ತು ಸುಮ್ಮನಿದ್ದು, "ಹಂಗಾದ್ರೆ ದಿಬ್ಬಕ್ಕೆ ಕೆರೆ ಗೋಡು ಹೊಡೆಸಿದರೆ ಎಷ್ಟು ಏರುತ್ತೆ ಅಂತ ನೋಡಬಹುದಲ್ಲ" ಅಂದರು. ಅರ್ಧ ದಿಬ್ಬಕ್ಕೆ ಹೊಡೆಸೋಣ ಅಂತ ಯಜಮಾನರು ಬಾಯಿ ತೆರೆದರು. ಮಾವನೇ ತಡೆದರು. ಜೋಡಿ ಮಾಡಬೇಕಂತೆ, ನಾಣ್ಯ ಚಿಮ್ಮಬೇಕಂತೆ.

ಜೀವಾಮೃತದ ಆರು ಜೋಡಿಯನ್ನೂ ಹಾಗೇ ಬಿಡುತ್ತೇನೆ, ಸಹಜ ಕೃಷಿಕ ಅಣ್ಣ ಹೇಳಿದಂತೆ ಮೂರು ವರ್ಷ ನಡೆಯಲಿ. ಮೇಷ್ಟ್ರೇ, ಜೋಡಿ ಜಾಸ್ತಿ ಮಾಡಿದರೆ ಆ ಎರರ್ ಎಷ್ಟು ಇಳಿಯುತ್ತದೆ?

ಲೆಕ್ಕದ ಮೇಷ್ಟ್ರು · ಡಿಸೆಂಬರ್ 24
ಅರ್ಧಕ್ಕೆ ಇಳಿಯಬೇಕಾದರೆ ಜೋಡಿ ನಾಲ್ಕು ಪಟ್ಟು ಬೇಕು. 24 ಜೋಡಿ. ಅಷ್ಟು ಬೇಡ, ಗೋಡಿನ ಪರಿಣಾಮ ಕಣ್ಣಿಗೆ ಕಾಣುವಷ್ಟಿದ್ದರೆ 6 ಸಾಕು. ಆದರೆ ಗೋಡು ಹೊಡೆಸಿದ ಮೇಲೆ ವಾಪಸ್ ತೆಗೆಯಲು ಆಗುವುದಿಲ್ಲ, ತಾಕು ಗುರುತು ಇಟ್ಟುಕೊಳ್ಳಿ. ಗೂಟ ಕೀಳಬೇಡಿ.

ಕೆರೆಬದಿ ಹೊಲ · ಡಿಸೆಂಬರ್ 24
ತಡವಾಯಿತು ಸರ್. ಒಂಬತ್ತು ಗೂಟ ಆಗಲೇ ಅತ್ತೆಯ ನೀರೊಲೆಗೆ ಹೋಗಿವೆ. ಉಳಿದವನ್ನು ಈಗಲೇ ಓಡಿ ಹೋಗಿ ನೋಡುತ್ತೇನೆ.